ಮುಂಬೈ ಸ್ಕೂಲಲ್ಲಿ ಚಿಯರ್‌ಲೀಡಿಂಗ್ ಕೋಚ್ ಆಗೋದಾದ್ರೆ

ಚಿಯರ್‌ಲೀಡಿಂಗ್ ಅಂದ್ರೆ ನಮ್ಮವರಿಗೆ ತಟ್ಟಂತ ನೆನಪಾಗೋದು ಐಪಿಎಲ್. 2008ರಲ್ಲಿ ಅದು ಶುರುವಾದಾಗ ಬೌಂಡ್ರಿ ಲೈನ್ ಹತ್ರ ಸ್ಟೇಜ್ ಹಾಕಿ ಕುಣಿಸಿದ್ರಲ್ಲ, ಆ ಚಿತ್ರ ತಲೇಲಿ ಕೂತು ಬಿಟ್ಟಿದೆ, ಇನ್ನೂ ಇಳಿದಿಲ್ಲ. ಹಾಗಾಗಿ ಮುಂಬೈಲಿ ಯಾವ್ದಾದ್ರೂ ಸ್ಕೂಲಲ್ಲಿ ಈ ಕೆಲ್ಸಕ್ಕೆ ಸೇರೋರು ಮೊದಲು ತಯಾರಿ ಮಾಡ್ಕೋಬೇಕಾಗಿರೋದು ಪೇರೆಂಟ್ಸ್ ಮೀಟಿಂಗಿಗೆ, ಸ್ಟಂಟ್, ಅಂದ್ರೆ ಒಬ್ಬರ ಮೇಲೊಬ್ಬರು ಹತ್ತಿ ನಿಲ್ಲೋದು, ಅದೆಲ್ಲ ಆಮೇಲೆ. ಚೆಂಬೂರಲ್ಲೋ ಮುಲುಂಡಲ್ಲೋ ಹೋಟೆಲ್ ಇಟ್ಟಿರೋ ಶೆಟ್ರು ಬಂದು "ಏನ್ ಟೀಚರ್, ನಮ್ಮ ಹುಡುಗೀನ ಮ್ಯಾಚಲ್ಲಿ ಕುಣಿಸ್ತೀರಂತೆ?" ಅಂತ ಕೇಳಿಯೇ ಕೇಳ್ತಾರೆ. ಸಿಟ್ಟಾಗ್ಬೇಡಿ, ಅವರ ಭಯ ಸುಳ್ಳಲ್ಲ. ಡ್ರೆಸ್ ಟ್ರ್ಯಾಕ್ ಪ್ಯಾಂಟು ಟೀ ಶರ್ಟು ಅಂತ ಮೊದಲೇ ಹೇಳಿಬಿಡಿ, ಪ್ರ್ಯಾಕ್ಟಿಸ್ ನೋಡೋಕೆ ಯಾವಾಗ ಬೇಕಾದ್ರೂ ಬನ್ನಿ ಶೆಟ್ರೇ ಅನ್ನಿ. ಬೇಕಿದ್ರೆ ಇದನ್ನೂ ಹೇಳಿ: 1898ರಲ್ಲಿ ಅಮೆರಿಕದ ಮಿನೆಸೋಟಾ ಯೂನಿವರ್ಸಿಟಿ ಫುಟ್‌ಬಾಲ್ ಮ್ಯಾಚಲ್ಲಿ ಜಾನಿ ಕ್ಯಾಂಪ್‌ಬೆಲ್ ಅನ್ನೋ ಸ್ಟೂಡೆಂಟ್ ಜನರ ಮುಂದೆ ನಿಂತು ಘೋಷಣೆ ಕೂಗಿಸಿದ, ಅಲ್ಲಿಂದ ಶುರುವಾದ ಆಟ ಇದು, ಎಷ್ಟೋ ವರ್ಷ ಗಂಡು ಹುಡುಗರೇ ಮಾಡ್ತಿದ್ರು, 2021ರಲ್ಲಿ ಒಲಿಂಪಿಕ್ ಸಮಿತಿ ಇದರ ಇಂಟರ್‌ನ್ಯಾಷನಲ್ ಯೂನಿಯನ್ನಿಗೆ ಪೂರ್ತಿ ಮಾನ್ಯತೆ ಕೊಟ್ಟಿದೆ. ಒಲಿಂಪಿಕ್ ಅಂದ ಕೂಡ್ಲೇ ಶೆಟ್ರ ಮುಖ ಸ್ವಲ್ಪ ಸಡಿಲ ಆಗತ್ತೆ, ನೋಡಿದ್ದೀನಿ.

ಡ್ಯಾನ್ಸ್, ಜಿಮ್ನ್ಯಾಸ್ಟಿಕ್ಸ್, ಇಲ್ಲಾ ದಾದರ್ ಶಿವಾಜಿ ಪಾರ್ಕ್ ಕಡೆ ಮಲ್ಲಕಂಬ ಮಾಡಿದ ಹಿನ್ನೆಲೆ ಇದ್ರೆ ಒಳ್ಳೇದು. ಆದ್ರೆ ಬರೀ ಡ್ಯಾನ್ಸ್ ಗೊತ್ತಿರೋರು ಸ್ಟಂಟ್ ಕಲಿಸೋ ಮುಂಚೆ ಜಿಮ್ನ್ಯಾಸ್ಟಿಕ್ಸ್ ಸರ್ ಒಬ್ಬರ ಜೊತೆ ನಿಂತು ಸ್ಪಾಟಿಂಗ್, ಅಂದ್ರೆ ಬೀಳೋರನ್ನ ಹಿಡಿಯೋದು, ಕಲೀಲೇಬೇಕು. ಯೂಟ್ಯೂಬ್ ನೋಡಿ ಅದು ಬರಲ್ಲ.

ಇಂಟರ್‌ವ್ಯೂಲಿ ಪ್ರಿನ್ಸಿಪಾಲ್ ನಿಮ್ಮನ್ನ ಕೇಳೋದಕ್ಕಿಂತ ನೀವು ಅವರನ್ನ ಕೇಳೋದೇ ಜಾಸ್ತಿ ಇರಲಿ. ಪ್ರ್ಯಾಕ್ಟಿಸ್ ಎಲ್ಲಿ, ನೆಲ ಯಾವ್ದು, ಮ್ಯಾಟ್ ಉಂಟಾ, ಕ್ಲಾಸಲ್ಲಿ ನನ್ನ ಜೊತೆ ಇನ್ನೊಬ್ಬ ಟೀಚರ್ ಯಾರು ಇರ್ತಾರೆ. ಮುಂಬೈ ಸ್ಕೂಲುಗಳಲ್ಲಿ ಗ್ರೌಂಡ್ ಅಂದ್ರೆ ಎಷ್ಟೋ ಕಡೆ ಬಿಲ್ಡಿಂಗ್ ನಡುವಿನ ಸಿಮೆಂಟ್ ಅಂಗಳ, ಹಾಲ್ ಅಂದ್ರೆ ಕೋಟಾ ಕಲ್ಲಿನ ನೆಲ, ಅದ್ರ ಮೇಲೆ ನಾಲ್ಕು ಯೋಗ ಮ್ಯಾಟ್ ಹಾಸಿ "ಮ್ಯಾಟ್ ಇದೆಯಲ್ಲ ಮೇಡಂ" ಅಂತಾರೆ. ಯೋಗ ಮ್ಯಾಟು ಮ್ಯಾಟಲ್ಲ ಮಾರಾಯ್ರೆ. ಜೂಡೋದವರದ್ದೋ ಜಿಮ್ನ್ಯಾಸ್ಟಿಕ್ಸಿನದ್ದೋ ದಪ್ಪ ಮ್ಯಾಟ್ ಬರೋ ತನಕ ಒಂದು ಮಗೂನೂ ನೆಲ ಬಿಟ್ಟು ಮೇಲೆ ಹೋಗಲ್ಲ ಅಂತ ಅಲ್ಲೇ ಹೇಳಿ, ಬರೆದೂ ಕೊಡಿ. ಆಮೇಲೆ ಅದೇ ಕಾಗದ ನಿಮ್ಮನ್ನ ಕಾಪಾಡತ್ತೆ.

ಜೂನಲ್ಲಿ ಸ್ಕೂಲ್ ಶುರು, ಜೊತೆಗೇ ಮಳೆ. ಸೆಪ್ಟೆಂಬರ್ ತನಕ ಗ್ರೌಂಡ್ ಕೆಸರು, ಕಾರಿಡಾರ್ ಒದ್ದೆ. ಇದು ನಷ್ಟ ಅಂತ ತುಂಬ ಜನ ಗೋಳಾಡ್ತಾರೆ, ನನ್ನ ಪ್ರಕಾರ ಇದೇ ಲಾಭ, ಯಾಕಂದ್ರೆ ಮಳೆ ಇರೋ ಅಷ್ಟು ದಿನ ಸ್ಟಂಟ್ ಮಾಡಿಸಿ ಅಂತ ಯಾರೂ ಒತ್ತಾಯ ಮಾಡಲ್ಲ, ನೀವು ನೆಮ್ಮದಿಯಾಗಿ ಎಣಿಕೆ, ಕೈ, ಗಂಟಲು ಈ ಮೂರನ್ನ ಕಲಿಸಬಹುದು. ಎಣಿಕೆ ಯಾವಾಗ್ಲೂ 8ರದ್ದು. ಕೈಗಳು ಅಂದ್ರೆ ಹೈ ವಿ (ಎರಡೂ ಕೈ ಮೇಲಕ್ಕೆ V ಥರ), ಲೋ ವಿ (ಅದೇ ಕೆಳಕ್ಕೆ), ಟಿ (ಎರಡೂ ಪಕ್ಕಕ್ಕೆ ನೇರ), ಟಚ್‌ಡೌನ್ (ಎರಡೂ ನೆಟ್ಟಗೆ ಮೇಲಕ್ಕೆ) ಇಂಥವು. ನೋಡೋಕೆ ಸುಲಭ, ಆದ್ರೆ ಮಕ್ಕಳು ಮಣಿಕಟ್ಟು ಬಗ್ಗಿಸ್ತಾರೆ, ಕೈನ ಕಿವಿಯ ಹಿಂದಕ್ಕೆ ಒಯ್ತಾರೆ. ಹೈ ವಿ ಮಾಡಿ ನೇರ ಮುಂದೆ ನೋಡು, ಕಣ್ಣಂಚಲ್ಲಿ ನಿನ್ನ ಎರಡೂ ಮುಷ್ಟಿ ಕಾಣ್ತಾ ಉಂಟಾ ಅಂತ ಕೇಳಿ. ಕಾಣ್ದಿದ್ರೆ ಕೈ ಹಿಂದೆ ಹೋಗಿದೆ ಅಂತ ಲೆಕ್ಕ. ಇದೊಂದು ಹೇಳಿದ್ರೆ ಸಾಕು, ಇಡೀ ಲೈನ್ ಅರ್ಧ ಸರಿ ಆಗತ್ತೆ.

ಗಂಟಲಿನ ವಿಷ್ಯಕ್ಕೆ ಬಂದ್ರೆ, ಕಿರುಚೋದು ಬೇರೆ ಕೂಗೋದು ಬೇರೆ. ಹೊಟ್ಟೆ ಮೇಲೆ ಕೈ ಇಡಿಸಿ, ದನಿ ಸ್ವಲ್ಪ ತಗ್ಗಿಸಿ, ಪ್ರತೀ ಶಬ್ದದ ಕೊನೆಯನ್ನ ಕತ್ತರಿಸಿದ ಹಾಗೆ ನಿಲ್ಲಿಸೋದು ಅಭ್ಯಾಸ ಮಾಡ್ಸಿ. ಘೋಷಣೆ ಹಿಂದಿ, ಮರಾಠಿ ಯಾವ್ದಾದ್ರೂ ಆಗ್ಲಿ, ಕನ್ನಡ ಮಕ್ಕಳು ಇದ್ರೆ ಒಂದೆರಡು ಕನ್ನಡದಲ್ಲೂ ಹಾಕಿ. "ಯಾರು ಯಾರು? ನೀಲಿ ಹೌಸ್!" ಅಂತ ನಾನು ಒಂದು ಮಾಡಿಸ್ತೀನಿ, ಎಣಿಸಿ ನೋಡಿ, ಸರಿಯಾಗಿ 7 ಬಡಿತ, 8ನೇದಕ್ಕೆ ಚಪ್ಪಾಳೆ. ಮರಾಠಿ ಮಕ್ಕಳೂ ಗುಜರಾತಿ ಮಕ್ಕಳೂ ಅರ್ಥ ಗೊತ್ತಿಲ್ದೇ ಇದ್ರೂ ಜೋರಾಗೇ ಕೂಗ್ತಾರೆ. ಎದುರು ಹೌಸನ್ನ ಹೀಯಾಳಿಸೋ ಸಾಲು ಬೇಡ, ಸ್ಟಾಫ್ ರೂಮಲ್ಲಿ ಜಗಳ ಆಗತ್ತೆ. ಯಾವಾಗ ಸುಮ್ಮನಿರ್ಬೇಕು ಅಂತಾನೂ ಕಲಿಸಿ. ರನ್ನಿಂಗ್ ರೇಸಲ್ಲಿ "ಆನ್ ಯುವರ್ ಮಾರ್ಕ್ಸ್" ಅಂದ ಮೇಲೆ ವಿಸಿಲ್ ಆಗೋ ತನಕ ಒಂದು ಸದ್ದೂ ಬರ್ಬಾರ್ದು.

ಈಗ ಸ್ಟಂಟು. ಎಲ್ಲರಿಗೂ ಮೇಲೆ ನಿಲ್ಲೋ ಫ್ಲೈಯರೇ ಆಗ್ಬೇಕು. ನೀವು ಮೊದಲು ಆರಿಸ್ಬೇಕಾಗಿರೋದು ಕೆಳಗೆ ನಿಲ್ಲೋ ಬೇಸುಗಳನ್ನ. ದಪ್ಪ ಇರೋರು ಕೆಳಗೆ, ಸಣ್ಣ ಇರೋರು ಮೇಲೆ ಅಂತ ಎಲ್ಲರ ಎದುರು ಹೇಳೋದು, ತೂಕ ನೋಡೋದು ಇದೆಲ್ಲ ದಯವಿಟ್ಟು ಮಾಡ್ಬೇಡಿ, ಒಂದು ಮಾತಿಗೆ ಹುಡುಗಿ ಡಬ್ಬಿ ತಿನ್ನೋದು ನಿಲ್ಲಿಸಿಬಿಡ್ತಾಳೆ. ಕಾಲು ಗಟ್ಟಿ ಇದೆಯಾ, ಗೆಳತಿ ನಗಿಸಿದ್ರೂ ಕಣ್ಣು ಆಚೀಚೆ ಹೋಗದೇ ನಿಲ್ತಾಳಾ ಅಂತ ನೋಡಿ, ಅಷ್ಟೇ.

ಮೊದಲ ಸ್ಟಂಟ್ ಥೈ ಸ್ಟ್ಯಾಂಡ್, ಅಂದ್ರೆ ಬೇಸುಗಳ ತೊಡೆ ಮೇಲೆ ಫ್ಲೈಯರ್ ನಿಲ್ಲೋದು. ಇಬ್ಬರು ಬೇಸು ಅಕ್ಕಪಕ್ಕ ನಿಂತು ಒಳಗಿನ ಕಾಲು ಬಗ್ಗಿಸಿ, ಹೊರಗಿನ ಕಾಲು ನೆಟ್ಟಗೆ ಚಾಚಿ ಲಂಜ್‌ಗೆ ಇಳೀತಾರೆ, ಆ ಇಬ್ಬರ ಒಳಪಾದ ಒಂದಕ್ಕೊಂದು ತಾಗಿರ್ಬೇಕು, ಇಲ್ದಿದ್ರೆ ಕಾಲು ಜಾರಿ ದೂರ ಹೋಗತ್ತೆ. ಹಿಂದೆ ಒಬ್ಬಳು ಸ್ಪಾಟರ್, ಅವಳ ಕೈ ಫ್ಲೈಯರ್ ಸೊಂಟದಲ್ಲಿ. ಫ್ಲೈಯರ್ ಇಬ್ಬರ ಹೆಗಲಿಗೆ ಕೈ ಕೊಟ್ಟು ಒಂದು ಪಾದ ಇಡ್ತಾಳೆ, ಎಲ್ಲಿ ಅಂದ್ರೆ ತೊಡೆ ಸೊಂಟಕ್ಕೆ ಸೇರೋ ಗುಳೀಲಿ, ಮೊಣಕಾಲಿನ ಹತ್ರ ಖಂಡಿತ ಅಲ್ಲ. ಇದೊಂದು ನೂರು ಸಲ ಹೇಳ್ಬೇಕಾಗತ್ತೆ, ಯಾಕಂದ್ರೆ ಮಕ್ಕಳಿಗೆ ಕಣ್ಣಿಗೆ ಕಾಣೋದು ಮೊಣಕಾಲೇ. ಪಾದ ಕೂತ ತಕ್ಷಣ ಬೇಸು ಒಂದು ಕೈಲಿ ಆ ಪಾದ ಹಿಡೀತಾಳೆ, ಇನ್ನೊಂದು ಕೈನ ಫ್ಲೈಯರ್ ಕಾಲಿನ ಹಿಂದಿಂದ ಸುತ್ತಿ ಮಂಡಿಗಿಂತ ಸ್ವಲ್ಪ ಮೇಲಕ್ಕೆ ಬಿಗಿಯಾಗಿ ತಬ್ಬಿ ಹಿಡೀತಾಳೆ. ಎರಡನೇ ಪಾದ ಬಂದ ಮೇಲೆ ಫ್ಲೈಯರ್ ಮಂಡಿ ನೆಟ್ಟಗೆ, ಹೊಟ್ಟೆ ಬಿಗಿ, ಕಣ್ಣು ಮುಂದೆ. ಕೆಳಗೆ ನೋಡಿದ್ಲೋ, ಅಲ್ಲಾಡೋಕೆ ಶುರು.

ಆದ್ರೆ ಹತ್ತೋದಕ್ಕಿಂತ ಮುಂಚೆ ಇಳಿಯೋದು ಕಲಿಸಿ. ಬೇಸುಗಳು ಕೈ ಹಿಡಿದು ಕೊಟ್ಟಾಗ ಮುಂದಕ್ಕೆ ಸಣ್ಣಗೆ ಹಾರಿ ಎರಡೂ ಪಾದದಲ್ಲಿ, ಮಂಡಿ ಮಡಚಿ ಇಳಿಯೋದು. ನಾಲ್ವರಲ್ಲಿ ಯಾರಿಗೆ ಅನುಮಾನ ಬಂದ್ರೂ "ಡೌನ್" ಅನ್ನಬಹುದು, ಅಂದ ಮೇಲೆ ಯಾಕೆ ಅಂತ ಯಾರೂ ಕೇಳೋ ಹಾಗಿಲ್ಲ. ಬೀಳೋವಾಗ ಕೆಳಗಿನವರು ಹಿಂದೆ ಸರೀಬಾರ್ದು, ಒಳಗೆ ನುಗ್ಗಿ ತಲೆ ಕುತ್ತಿಗೆ ಮೊದಲು ಹಿಡೀಬೇಕು. ಭಯ ಆದಾಗ ಮೈ ತಾನಾಗೇ ಹಿಂದೆ ಹೋಗತ್ತೆ, ಹಾಗಾಗಿ ಇದನ್ನೂ ಮ್ಯಾಟ್ ಮೇಲೆ ನಿಧಾನಕ್ಕೆ ಅಭ್ಯಾಸ ಮಾಡ್ಸಬೇಕು. ಥೈ ಸ್ಟ್ಯಾಂಡ್ ಪೂರ್ತಿ 8 ಎಣಿಕೆ ಅಲ್ಲಾಡದೇ ನಿಂತ್ರೆ, ಅದೂ ಒಂದಿನ ಅಲ್ಲ, ದಿನಾ ನಿಂತ್ರೆ, ಆಮೇಲೆ ಹೆಗಲೆತ್ತರದ ಮಾತು. ಬ್ಯಾಸ್ಕೆಟ್ ಟಾಸ್, ಅಂದ್ರೆ ಮೇಲೆ ಎಸೆದು ಹಿಡಿಯೋದು, ಸ್ಕೂಲಲ್ಲಿ ಬೇಡವೇ ಬೇಡ.

ಇಲ್ಲಿ ಮುಂಬೈದೇ ಒಂದು ತಲೆನೋವು ಉಂಟು. ದಹಿ ಹಂಡಿ, ಅಂದ್ರೆ ಒಬ್ಬರ ಮೇಲೊಬ್ಬರು ನಿಂತು ಮೊಸರು ಗಡಿಗೆ ಒಡೆಯೋದು, ನೋಡಿ ಬೆಳೆದ ಊರಿದು, "ನಮ್ಮ ಗಲ್ಲಿ ಹುಡುಗ್ರು ಏಳು ಅಂತಸ್ತು ಹಾಕ್ತಾರೆ, ನೀವು ಎರಡಕ್ಕೇ ಹೆದರ್ತೀರಾ" ಅಂತಾರೆ. ಗೋವಿಂದರ, ಅಂದ್ರೆ ಅದನ್ನ ಹತ್ತೋ ಹುಡುಗ್ರ, ಸುತ್ತ ಮೈಗೆ ಮೈ ಒತ್ತಿ ಅಷ್ಟೊಂದು ಜನ ನಿಂತಿರ್ತಾರೆ, ಬಿದ್ರೆ ಜನರ ಮೇಲೇ ಬೀಳೋದು, ಆದ್ರೂ ಕೈಕಾಲು ಮುರ್ಕೊಂಡು ಆಸ್ಪತ್ರೆ ಸೇರೋರು ಪ್ರತೀ ವರ್ಷ ಇದ್ದೇ ಇರ್ತಾರೆ. 2017ರಲ್ಲಿ ಬಾಂಬೆ ಹೈಕೋರ್ಟಲ್ಲಿ ಸರ್ಕಾರವೇ 14ರ ಒಳಗಿನ ಮಕ್ಕಳನ್ನ ಅದಕ್ಕೆ ಬಿಡಲ್ಲ ಅಂತ ಹೇಳಿತ್ತು. ನಿಮ್ಮ ಏಳನೇ ಕ್ಲಾಸ್ ಮಕ್ಕಳಿಗೆ 12, 13 ವರ್ಷ. ಇಷ್ಟು ಹೇಳಿದ್ರೆ ಟ್ರಸ್ಟಿಗಳು ಸುಮ್ಮನಾಗ್ತಾರೆ. ಒಂದು ಸ್ಕೂಲಲ್ಲಿ ಸ್ಪೋರ್ಟ್ಸ್ ಡೇಗೆ ಎರಡೇ ದಿನ ಇದ್ದಾಗ, ಚೀಫ್ ಗೆಸ್ಟ್ ದೊಡ್ಡವರು, ಒಂದು ಪಿರಮಿಡ್ ಸೇರಿಸಿ ಅಂದ್ರು. ಆಗಲ್ಲ ಅಂದೆ. ಮುಂದಿನ ವರ್ಷ ಅವರು ಕರೀಲಿಲ್ಲ, ಪರವಾಗಿಲ್ಲ. ಈ ಕೆಲಸದಲ್ಲಿ "ಇವತ್ತು ಬೇಡ" ಅನ್ನೋಕೆ ಬರದಿದ್ರೆ ಬೇರೆ ಏನು ಬಂದೂ ಉಪಯೋಗ ಇಲ್ಲ.

ದಿನಾ ಶುರು ಮಾಡೋ ಮುಂಚೆ ಲೈನಲ್ಲಿ ನಿಲ್ಲಿಸಿ ನೋಡಿ: ಓಲೆ, ಬಳೆ, ಉಂಗುರ, ಕೈಗೆ ಕಟ್ಟಿದ ಕಪ್ಪು ದಾರ, ಉದ್ದ ಉಗುರು, ಬಾಯಲ್ಲಿ ಚ್ಯೂಯಿಂಗ್ ಗಮ್. ದಾರ ದೇವರದ್ದು ಅಂತಾರೆ, ಬಿಚ್ಚೋಕಾಗದಿದ್ರೆ ಮೇಲೆ ರಿಸ್ಟ್ ಬ್ಯಾಂಡ್ ಹಾಕ್ಸಿ. ಹೊಟ್ಟೆನೋವು ಅಂದ ಹುಡುಗೀನ ಕಾರಣ ಕೇಳ್ದೇ ಕೂರಿಸಿ. ಅಕ್ಟೋಬರ್ ಹೀಟಲ್ಲಿ ನೀರಿಗೆ ಬ್ರೇಕ್ ಜಾಸ್ತಿ ಕೊಡಿ, ಪ್ರ್ಯಾಕ್ಟಿಸ್ ಜೋರಾಗೋದೂ ಆಗ್ಲೇ. ಪಾದ ಉಳುಕಿದ್ರೆ ಐಸ್ ಇಡಿ, ಬಾಮ್ ಹಚ್ಚಿ ತಿಕ್ಕೋಕೆ ಯಾರನ್ನೂ ಬಿಡ್ಬೇಡಿ. ತಲೆಗೆ ಪೆಟ್ಟಾದ್ರೆ "ಏನಾಗಿಲ್ಲ ಮಿಸ್" ಅಂದ್ರೂ ಆ ದಿನ ಅಲ್ಲಿಗೇ ನಿಲ್ಲಿಸಿ, ಮನೆಗೆ ಫೋನ್, ಡಾಕ್ಟರ್. ಎಲ್ಲಾನೂ ರಿಜಿಸ್ಟರಲ್ಲಿ ಬರೀರಿ.

ಸ್ಪಾಟಿಂಗ್ ಅಂದ್ರೆ ಮೈ ಮುಟ್ಟೋ ಕೆಲಸ. ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ 2012ರ ಪೋಕ್ಸೋ ಕಾನೂನು ಏನು ಹೇಳತ್ತೆ ಅಂತ ಓದ್ಕೊಳ್ಳಿ. ಕೈ ಎಲ್ಲಿ ಹಿಡಿಯೋದು, ಯಾಕೆ ಅಂತ ಮೊದಲೇ ಹೇಳಿ ಆಮೇಲೆ ಹಿಡೀರಿ, ಇನ್ನೊಬ್ಬ ಟೀಚರ್ ಇಲ್ಲದೇ ಕ್ಲಾಸೇ ಬೇಡ, ಗಂಡು ಕೋಚ್ ಆದ್ರಂತೂ ಲೇಡಿ ಟೀಚರ್ ಬೇಕೇ ಬೇಕು. ಮಕ್ಕಳ ವಿಡಿಯೋ ನಿಮ್ಮ ಸ್ವಂತ ಫೋನಲ್ಲಿ ತೆಗೀಬೇಡಿ.

ಸಾಮಾನಿಗೆ ತುಂಬ ಖರ್ಚಿಲ್ಲ. ಪಾಮ್‌ಪಾಮಿಗೆ, ಅಂದ್ರೆ ಕೈಲಿ ಹಿಡಿದು ಅಲ್ಲಾಡಿಸೋ ಬಣ್ಣದ ಕುಚ್ಚಿಗೆ, ಕ್ರಾಫರ್ಡ್ ಮಾರ್ಕೆಟ್ ಹತ್ರ ಅಬ್ದುಲ್ ರೆಹಮಾನ್ ಸ್ಟ್ರೀಟ್ ಸುತ್ತಿ, ಸ್ಪೋರ್ಟ್ಸ್ ಸಾಮಾನಿಗೆ ಧೋಬಿ ತಲಾವ್. ಬೆವರು ಕೈಗೆ ಬಣ್ಣ ಬಿಡತ್ತಾ ಅಂತ ಒದ್ದೆ ಕೈಲಿ ತಿಕ್ಕಿ ನೋಡಿ ತಗೊಳ್ಳಿ.

ಫೀಸು ಕ್ಲಾಸಿಗಿಷ್ಟು ಅಂತ ಮಾತಾಡೋದಾದ್ರೆ, ಮಳೆ ರಜೆ ಬಂದ ದಿನದ ದುಡ್ಡು ಉಂಟಾ ಇಲ್ವಾ ಅಂತ ಜೂನಲ್ಲೇ ಬರೆಸ್ಕೊಳ್ಳಿ, ಮುಂಬೈಲಿ ಅಂಥ ದಿನ ಬಂದೇ ಬರತ್ತೆ. ಟಿಡಿಎಸ್ ಕಟ್ ಮಾಡಿದ್ರೆ ಸರ್ಟಿಫಿಕೇಟ್ ಕೇಳಿ. ಬಾಕಿ ದುಡ್ಡು ಆನ್ಯುವಲ್ ಡೇ ಮುಂಚೆನೇ ವಸೂಲಿ ಮಾಡ್ಕೊಳ್ಳಿ, ಅದು ಮುಗಿದ ಮೇಲೆ ಅಕೌಂಟ್ಸಿನವರು ಫೋನ್ ಎತ್ತಲ್ಲ.