ಆಂಪ್ ಹೆಡ್ಡಿಗೆ ಕ್ಯಾಬಿನೆಟ್ ಜೋಡಿಸುವ ಮುನ್ನ

ಗಿಟಾರ್ ಆಂಪ್ಲಿಫೈಯರಿನ ಹೆಡ್ (ಸ್ಪೀಕರ್ ಇಲ್ಲದ ಆಂಪಿನ ಪೆಟ್ಟಿಗೆ) ಒಬ್ಬರಿಂದ, ಸ್ಪೀಕರ್ ಕ್ಯಾಬಿನೆಟ್ ಇನ್ನೊಬ್ಬರಿಂದ ಸೆಕೆಂಡ್‌ಹ್ಯಾಂಡ್ ಆಗಿ ಕೈಸೇರುವುದು ನಮ್ಮಲ್ಲಿ ಸಾಮಾನ್ಯ. ಎರಡರ ಹಿಂಬದಿಯಲ್ಲೂ ಬಹುಮಟ್ಟಿಗೆ ಅದೇ ಕಾಲಿಂಚಿನ ಜ್ಯಾಕ್ ಇರುವುದರಿಂದ ಯಾವುದನ್ನು ಯಾವುದಕ್ಕೆ ಚುಚ್ಚಿದರೂ ಪ್ಲಗ್ ಕೂತುಬಿಡುತ್ತದೆ, ಮೊದಲ ಹತ್ತು ನಿಮಿಷ ಸದ್ದೂ ಬರುತ್ತದೆ. ಜೋಡಿ ಸರಿಯಾಗಿದೆ ಎನ್ನುವುದಕ್ಕೆ ಇದು ಸಾಕ್ಷಿಯಲ್ಲ. ನೋಡಬೇಕಾದದ್ದು ಓಮ್ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ), ವ್ಯಾಟ್ ಮತ್ತು ಕೇಬಲ್. ಇವುಗಳಲ್ಲಿ ಹೆಚ್ಚು ಎಡವಟ್ಟಾಗುವುದು ಓಮ್ ವಿಷಯದಲ್ಲೇ ಆದ್ದರಿಂದ ಅಲ್ಲಿಂದಲೇ ತೊಡಗುತ್ತೇನೆ.

ನಿಮ್ಮ ಹೆಡ್ ಗಾಜಿನ ನಿರ್ವಾತ ಟ್ಯೂಬಿನದೋ ಟ್ರಾನ್ಸಿಸ್ಟರಿನದೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ, ಏಕೆಂದರೆ ಇವೆರಡರ ಭಯಗಳು ಒಂದಕ್ಕೊಂದು ತದ್ವಿರುದ್ಧ. ಟ್ರಾನ್ಸಿಸ್ಟರ್ ಹೆಡ್ಡಿನ ಹಿಂದೆ ಸಾಮಾನ್ಯವಾಗಿ ‘ಕನಿಷ್ಠ 4 ಓಮ್’ ಅಥವಾ ‘ಕನಿಷ್ಠ 8 ಓಮ್’ ಎಂದು ಬರೆದಿರುತ್ತದೆ. ಅದಕ್ಕಿಂತ ಕಡಿಮೆ ಓಮ್‌ನ ಕ್ಯಾಬಿನೆಟ್ ಹಾಕಿದರೆ ಅದು ಮಿತಿಮೀರಿ ಕರೆಂಟ್ ಎಳೆದು ಔಟ್‌ಪುಟ್ ಟ್ರಾನ್ಸಿಸ್ಟರುಗಳನ್ನು ಸುಡಬಹುದು. ಹೆಚ್ಚಿನ ಓಮ್‌ನದನ್ನು ಹಾಕಿದರೆ ಶಕ್ತಿ ಕುಗ್ಗುತ್ತದೆಯೇ ಹೊರತು ಅಪಾಯವಿಲ್ಲ. 4 ಓಮ್‌ಗೆ 100 ವ್ಯಾಟ್ ಕೊಡುವ ಹೆಡ್ 8 ಓಮ್‌ಗೆ ಸರಿಸುಮಾರು ಅದರ ಅರ್ಧವನ್ನು, ಕೆಲವೊಮ್ಮೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು ಕೊಡುತ್ತದೆ. ಟ್ರಾನ್ಸಿಸ್ಟರ್ ಹೆಡ್ಡಿನ ಕಥೆ ಇಷ್ಟೇ.

ಟ್ಯೂಬ್ ಹೆಡ್ಡಿನಲ್ಲಿ ಹಾಗಲ್ಲ. ಇಲ್ಲಿ ಪವರ್ ಟ್ಯೂಬುಗಳಿಗೂ ಸ್ಪೀಕರಿಗೂ ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಸ್ಪೀಕರ್ ಎಷ್ಟು ಓಮ್‌ನದು ಎಂಬುದರ ಮೇಲೆ ಟ್ಯೂಬುಗಳಿಗೆ ಕಾಣುವ ಹೊರೆ ನಿರ್ಧಾರವಾಗುತ್ತದೆ. ಸ್ಪೀಕರನ್ನೇ ಜೋಡಿಸದೆ ನುಡಿಸಿದರೆ ಟ್ರಾನ್ಸ್‌ಫಾರ್ಮರಿನಲ್ಲಿ ತುಂಬಿದ ಶಕ್ತಿಗೆ ಹೊರಹೋಗುವ ದಾರಿಯಿಲ್ಲದೆ ಅದರ ಪ್ರೈಮರಿ ಸುರುಳಿಯಲ್ಲಿ ಸಾವಿರ ವೋಲ್ಟನ್ನೂ ಮೀರಿದ ಒತ್ತಡ ಏಳಬಹುದು. ಆಗ ಟ್ಯೂಬ್ ಸಾಕೆಟ್ಟಿನ ಪಿನ್ನುಗಳ ನಡುವೆ ಕಿಡಿ ಹಾರಿ ಕರಿಯ ಗೆರೆ ಬೀಳುತ್ತದೆ, ಇಲ್ಲವೇ ಸುರುಳಿಯ ಇನ್ಸುಲೇಶನ್ನೇ ಒಡೆದು ಟ್ರಾನ್ಸ್‌ಫಾರ್ಮರ್ ಕೈಕೊಡುತ್ತದೆ. ಆದ್ದರಿಂದ ಕ್ಯಾಬಿನೆಟ್ ಜೋಡಿಸದೆ ಟ್ಯೂಬ್ ಹೆಡ್ಡನ್ನು ಸ್ಟ್ಯಾಂಡ್‌ಬೈನಿಂದ (ಟ್ಯೂಬುಗಳು ಬಿಸಿಯಾಗಿದ್ದರೂ ಸದ್ದು ಬಾರದ ಸ್ಥಿತಿ) ಆಚೆ ತರಲೇಬಾರದು. ಮನೆಯಲ್ಲಿ ಸದ್ದಿಲ್ಲದೆ ರೆಕಾರ್ಡ್ ಮಾಡಬೇಕೆಂದರೂ ಸ್ಪೀಕರಿನ ಜಾಗದಲ್ಲಿ ಹೆಡ್ಡಿನ ಶಕ್ತಿಯನ್ನು ಹೀರಿಕೊಳ್ಳುವ ಲೋಡ್ ಬಾಕ್ಸ್ ಇರಬೇಕು. ಹೆಡ್ಡಿನ ಸ್ಪೀಕರ್ ಔಟ್ ಅನ್ನು ಮಿಕ್ಸರಿಗೋ ಹೆಡ್‌ಫೋನಿಗೋ ನೇರವಾಗಿ ಚುಚ್ಚುವಂತಿಲ್ಲ. ಹಳೆಯ ಫೆಂಡರ್ ಆಂಪುಗಳ ಮುಖ್ಯ ಸ್ಪೀಕರ್ ಜ್ಯಾಕಿನಲ್ಲಿ ಪ್ಲಗ್ ಇಲ್ಲದಾಗ ಔಟ್‌ಪುಟ್ ತಾನಾಗಿ ಶಾರ್ಟ್ ಆಗುವ ವ್ಯವಸ್ಥೆಯಿದೆ, ಟ್ಯೂಬ್ ಆಂಪಿಗೆ ತೆರೆದ ತುದಿಗಿಂತ ಶಾರ್ಟ್ ವಾಸಿ ಎಂಬ ಲೆಕ್ಕದಲ್ಲಿ. ಅಂಥದ್ದರಲ್ಲಿ ಎರಡನೆಯ ಜ್ಯಾಕಿಗೆ ಮಾತ್ರ ಕ್ಯಾಬಿನೆಟ್ ಹಾಕಿದರೆ ಸದ್ದೇ ಬರುವುದಿಲ್ಲ. ಆಂಪ್ ಕೆಟ್ಟಿದೆಯೆಂದು ರಿಪೇರಿಗೆ ಹೊತ್ತೊಯ್ಯುವ ಮುನ್ನ ಮುಖ್ಯ ಜ್ಯಾಕನ್ನು ಬಳಸಿ ನೋಡಿ.

ಟ್ಯೂಬ್ ಹೆಡ್ಡಿನ ಹಿಂದಿನ, ಓಮ್ ಆರಿಸುವ ಸೆಲೆಕ್ಟರ್ ತೋರುವ ಅಂಕಿ ಮತ್ತು ಕ್ಯಾಬಿನೆಟ್ಟಿನ ಓಮ್ ಒಂದೇ ಆಗಿರಬೇಕು. 1981ರಲ್ಲಿ ಬಂದ ಮಾರ್ಷಲ್ ಜೆಸಿಎಂ 800 ಸರಣಿಯ 100 ವ್ಯಾಟಿನ 2203 ಹೆಡ್ಡಿನಲ್ಲಿ 4, 8, 16 ಎಂಬ ಮೂರು ಆಯ್ಕೆಗಳಿವೆ. 16 ಓಮ್‌ನ ಕ್ಯಾಬಿನೆಟ್ ಇದ್ದರೆ 16ಕ್ಕೆ ತಿರುಗಿಸಬೇಕು, ಅದೂ ಪವರ್ ಆಫ್ ಮಾಡಿಯೇ. ಒಂದು ಮೆಟ್ಟಿಲು ಆಚೀಚೆಯಾದರೆ ಏನೂ ಆಗದೆಂದು ಹೇಳುವವರಿದ್ದಾರೆ. ಕೆಲವು ಆಂಪುಗಳು ತಡೆದುಕೊಳ್ಳುವುದೂ ನಿಜ. ಆದರೆ ಮೇಲಿನ ಮೆಟ್ಟಿಲು ವಾಸಿಯೋ ಕೆಳಗಿನದೋ ಎಂಬ ಬಗ್ಗೆ ತಯಾರಕರೇ ಒಮ್ಮತದಲ್ಲಿಲ್ಲದಿರುವಾಗ, ಸರಿಯಾಗಿ ತಿರುಗಿಸಿದರೆ ಮುಗಿಯುವ ಕೆಲಸಕ್ಕೆ ಪಣ ಒಡ್ಡುವುದು ನನಗೆ ಒಪ್ಪಿಗೆಯಾಗದು.

ಕ್ಯಾಬಿನೆಟ್ಟಿನಲ್ಲೂ ಸ್ವಿಚ್ ಇರಬಹುದೆಂಬುದನ್ನು ಮರೆಯಬೇಡಿ. ಮಾರ್ಷಲ್ 1960ಎ ಕ್ಯಾಬಿನೆಟ್ಟಿನಲ್ಲಿ 16 ಓಮ್‌ನ ನಾಲ್ಕು ಸ್ಪೀಕರುಗಳಿವೆ. ಅವನ್ನು ಜೋಡಿಸುವ ರೀತಿಗೆ ತಕ್ಕಂತೆ ಮಾನೋದಲ್ಲಿ 16 ಅಥವಾ 4 ಓಮ್, ಸ್ಟೀರಿಯೋದಲ್ಲಿ ಒಂದೊಂದು ಬದಿಗೆ 8 ಓಮ್ ಸಿಗುತ್ತದೆ. ಸ್ಟೀರಿಯೋದಲ್ಲಿಟ್ಟು ಒಂದೇ ಜ್ಯಾಕಿಗೆ ಹೆಡ್ ಚುಚ್ಚಿದರೆ ಎರಡೇ ಸ್ಪೀಕರುಗಳು ನುಡಿಯುತ್ತವೆ ಮತ್ತು 300 ವ್ಯಾಟ್ ತಾಳುವ ಕ್ಯಾಬಿನೆಟ್ ಆ ಹೊತ್ತಿಗೆ 150 ವ್ಯಾಟಿನದಾಗಿಬಿಡುತ್ತದೆ.

ಎರಡು ಕ್ಯಾಬಿನೆಟ್ ಹಾಕುವುದಾದರೆ, ಹೆಡ್ಡಿನ ಎರಡು ಸ್ಪೀಕರ್ ಜ್ಯಾಕುಗಳು ಬಹುಪಾಲು ಪ್ಯಾರಲಲ್ (ಸಮಾಂತರ) ಆಗಿರುವುದರಿಂದ ಓಮ್ ಅರ್ಧವಾಗುತ್ತದೆ: 16ರ ಎರಡಕ್ಕೆ ಸೆಲೆಕ್ಟರ್ 8ರಲ್ಲಿ, 8ರ ಎರಡಕ್ಕೆ 4ರಲ್ಲಿ. 4ರ ಎರಡು ಸೇರಿದರೆ 2 ಓಮ್ ಆಗುತ್ತದೆ. ಹೆಡ್ಡಿನಲ್ಲಿ ಆ ಆಯ್ಕೆ ಇಲ್ಲದಿದ್ದರೆ ಅದನ್ನು ಬಿಟ್ಟುಬಿಡಿ. 8ರದೊಂದು, 16ರದೊಂದು ಸೇರಿಸಿದಾಗ 5.33 ಓಮ್ ಆಗುವುದಲ್ಲದೆ ಮೂರರಲ್ಲಿ ಎರಡು ಪಾಲು ಶಕ್ತಿ 8 ಓಮ್‌ನ ಕ್ಯಾಬಿನೆಟ್ಟಿಗೇ ಹೋಗುತ್ತದೆ.

ಹಳೆಯ ಕ್ಯಾಬಿನೆಟ್ಟಿನ ಹಿಂದೆ ಬರೆದ ಅಂಕಿಯನ್ನು ನಾನು ನಂಬುವುದಿಲ್ಲ. ನಾನು ಒಮ್ಮೆ ಕೊಂಡ ಎರಡು ಸ್ಪೀಕರಿನ ಕ್ಯಾಬಿನೆಟ್ಟಿನ ಮೇಲೆ 8 ಓಮ್ ಎಂದು ಅಚ್ಚಾಗಿತ್ತು. ಮೀಟರ್ ಹಿಡಿದರೆ 3.3 ತೋರಿಸಿತು. ಹಿಂಬದಿಯ ಹಲಗೆ ಬಿಚ್ಚಿ ನೋಡಿದಾಗ ಕಾರಣ ತಿಳಿಯಿತು. ಪ್ಯಾರಲಲ್ ಆಗಿ ಜೋಡಿಸಿದ್ದ 16 ಓಮ್‌ನ ಮೂಲ ಸ್ಪೀಕರುಗಳನ್ನು ಯಾರೋ ತೆಗೆದು, ಅದೇ ತಂತಿಗಳಿಗೆ 8 ಓಮ್‌ನವನ್ನು ಸಿಕ್ಕಿಸಿದ್ದರು. ಅಳೆಯುವ ಕೆಲಸಕ್ಕೆ ಎರಡು ನಿಮಿಷ ಸಾಕು. ಕ್ಯಾಬಿನೆಟ್ಟಿಗೆ ಕೇಬಲ್ ಚುಚ್ಚಿ, ಇನ್ನೊಂದು ತುದಿಯನ್ನು ಹೆಡ್ಡಿಗೆ ಹಾಕದೆ ಕೈಯಲ್ಲೇ ಇಟ್ಟುಕೊಂಡು, ಮಲ್ಟಿಮೀಟರನ್ನು 200 ಓಮ್ ರೇಂಜಿನಲ್ಲಿಡಿ. ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಬರುವ ಅಂಕಿಯನ್ನು ನೆನಪಿಟ್ಟುಕೊಂಡು ಆಮೇಲೆ ಕಳೆಯಿರಿ. ಅನಂತರ ಒಂದು ಕಡ್ಡಿಯನ್ನು ಪ್ಲಗ್ಗಿನ ತುದಿಗೆ, ಇನ್ನೊಂದನ್ನು ಅದರ ಬುಡಕ್ಕೆ ಹಿಡಿಯಿರಿ. 6ರಿಂದ 7ರ ನಡುವೆ ಬಂದರೆ ಅದು 8 ಓಮ್, 13ರ ಆಸುಪಾಸು ಬಂದರೆ 16, ಮೂರು ಚಿಲ್ಲರೆ ಬಂದರೆ 4. ಮೀಟರ್ ಅಳೆಯುವುದು ಸುರುಳಿಯ ಡಿಸಿ ರೋಧವನ್ನು ಮಾತ್ರ, ಆದ್ದರಿಂದ ಅಂಕಿ ಕಡಿಮೆ ಕಾಣುತ್ತದೆ. ಸ್ಪೀಕರಿನ ಮೇಲೆ ಬರೆದಿರುವುದು ಇಂಪೀಡೆನ್ಸ್, ಅದು ಸ್ವರದಿಂದ ಸ್ವರಕ್ಕೆ ಬದಲಾಗುತ್ತಾ ಹೋಗುತ್ತದೆ. ಕೋನನ್ನು ಬೆರಳಿನಿಂದ ಮೃದುವಾಗಿ ಒತ್ತಿದಾಗ ಅಂಕಿ ಕುಣಿದರೆ ಸ್ಪೀಕರ್ ಜೀವಂತವಾಗಿದೆ ಎಂದರ್ಥ. ಮೀಟರ್ ಏನನ್ನೂ ತೋರದಿದ್ದರೆ ಸುರುಳಿ ಸುಟ್ಟಿದೆ, ಇಲ್ಲವೇ ಎಲ್ಲೋ ತಂತಿ ಬಿಟ್ಟಿದೆ. ಕ್ಯಾಬಿನೆಟ್ಟನ್ನು ಧಾರಾಳವಾಗಿ ಬಿಚ್ಚಬಹುದು. ಹೆಡ್ಡನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪ್ಯಾಸಿಟರುಗಳಲ್ಲಿ ಪ್ರಾಣಕ್ಕೆ ಸಂಚಕಾರ ತರುವಷ್ಟು ವೋಲ್ಟೇಜ್ ಉಳಿದಿರಬಹುದು.

ಇನ್ನು ವ್ಯಾಟ್. ಕ್ಯಾಬಿನೆಟ್ ತಾಳುವ ವ್ಯಾಟ್ ಹೆಡ್ಡಿನದಕ್ಕಿಂತ ಹೆಚ್ಚಿರಬೇಕು. ಒಂದೂವರೆಯಿಂದ ಎರಡು ಪಟ್ಟು ಇದ್ದರೆ ನಿಶ್ಚಿಂತೆ. ಹೆಡ್ಡಿನ ಮೇಲೆ ಬರೆದ ವ್ಯಾಟ್ ಸ್ವಚ್ಛವಾದ ಸದ್ದಿನ ಲೆಕ್ಕ. ಪೂರ್ತಿ ಡಿಸ್ಟಾರ್ಶನ್ನಿಗೆ ತಳ್ಳಿದಾಗ ಅಲೆ ಚೌಕಾಕಾರಕ್ಕೆ ತಿರುಗಿ ಅದರ ಎರಡು ಪಟ್ಟಿನ ಹತ್ತಿರಕ್ಕೂ ಏರಬಹುದು. ಸೆಲೆಸ್ಚನ್ ಕಂಪನಿಯ ಗ್ರೀನ್‌ಬ್ಯಾಕ್ ಜಿ12ಎಂ ಸ್ಪೀಕರ್ ತಲಾ 25 ವ್ಯಾಟಿನದು, ನಾಲ್ಕು ಸೇರಿದರೆ 100. 100 ವ್ಯಾಟಿನ ಹೆಡ್ಡನ್ನು ಅಂಥ ಒಂದೇ ಕ್ಯಾಬಿನೆಟ್ಟಿಗೆ ಹಾಕಿ ಪೂರ್ತಿ ಏರಿಸಿದರೆ ಸ್ಪೀಕರುಗಳಿಗೆ ಉಸಿರಾಡಲು ಜಾಗವಿರುವುದಿಲ್ಲ. ಅಂಥ ಎರಡು ಕ್ಯಾಬಿನೆಟ್ಟುಗಳನ್ನು ಒಂದರ ಮೇಲೊಂದು ಪೇರಿಸಿದರೆ 200 ವ್ಯಾಟಿಗೆ ತಾಳುತ್ತವೆ. ಅದೇ ಕಂಪನಿಯ ತಲಾ 60 ವ್ಯಾಟಿನ ‘ವಿಂಟೇಜ್ 30’ ಸ್ಪೀಕರುಗಳು ನಾಲ್ಕಿದ್ದರೆ ಒಂದೇ ಕ್ಯಾಬಿನೆಟ್ 240 ವ್ಯಾಟಿನದು. ಒಂದೇ ಓಮ್‌ನ, ಬೇರೆಬೇರೆ ವ್ಯಾಟಿನ ಸ್ಪೀಕರುಗಳನ್ನು ಬೆರೆಸಿದ್ದರೆ ಎಲ್ಲಕ್ಕಿಂತ ದುರ್ಬಲವಾದುದರ ವ್ಯಾಟನ್ನು ಸ್ಪೀಕರುಗಳ ಸಂಖ್ಯೆಯಿಂದ ಗುಣಿಸಿ. ಸಣ್ಣ ಹೆಡ್ಡಿಗೆ ದೊಡ್ಡ ಕ್ಯಾಬಿನೆಟ್ ಹಾಕುವುದರಲ್ಲಿ ಯಾವ ಕೆಡುಕೂ ಇಲ್ಲ: 5 ವ್ಯಾಟಿನ ಹೆಡ್ 300 ವ್ಯಾಟಿನ ಕ್ಯಾಬಿನೆಟ್ಟಿನಲ್ಲಿ ಸೊಗಸಾಗಿಯೇ ನುಡಿಯುತ್ತದೆ.

ಗಿಟಾರಿನಿಂದ ಆಂಪಿಗೆ ಹೋಗುವ ಕೇಬಲ್ ಮತ್ತು ಹೆಡ್ಡಿನಿಂದ ಕ್ಯಾಬಿನೆಟ್ಟಿಗೆ ಹೋಗುವ ಕೇಬಲ್ ಹೊರನೋಟಕ್ಕೆ ಒಂದೇ ಥರ ಕಂಡರೂ ಒಳಗೆ ಬೇರೆ. ಮೊದಲನೆಯದರ ನಡುವಿನ ತಂತಿ ತೆಳು, ಅದರ ಸುತ್ತ ಜಾಲರಿ. ಸ್ಪೀಕರಿಗೆ ಬೇಕಾದ ಕರೆಂಟನ್ನು ಹೊರಲಾರದೆ ಅದು ಬಿಸಿಯಾಗಿ ನುಡಿಸುತ್ತಿರುವಾಗಲೇ ಕೈಬಿಟ್ಟರೆ ಟ್ಯೂಬ್ ಹೆಡ್ ಹೊರೆಯಿಲ್ಲದೆ ಉಳಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುವ 1.5 ಚದರ ಮಿಲಿಮೀಟರಿನ ಎರಡು ತಂತಿಯ ಕೇಬಲ್ ಮತ್ತು ಗಟ್ಟಿಮುಟ್ಟಾದ ಲೋಹದ ಪ್ಲಗ್ಗುಗಳನ್ನು ತಂದು ಬೆಸುಗೆ ಹಾಕಿದರೆ ಒಳ್ಳೆಯ ಸ್ಪೀಕರ್ ಕೇಬಲ್ ಆಗುತ್ತದೆ. ಅದಕ್ಕೆ ಕೆಂಪು ಟೇಪ್ ಸುತ್ತಿಡಿ, ಕತ್ತಲ ವೇದಿಕೆಯಲ್ಲಿ ಎರಡೂ ಕಪ್ಪಾಗಿಯೇ ಕಾಣುತ್ತವೆ.

ಮೊದಲ ಬಾರಿ ಹಚ್ಚುವಾಗ ಹೆಡ್ಡಿನ ಮೇನ್ಸ್ ವೋಲ್ಟೇಜನ್ನೂ ನೋಡಿಕೊಳ್ಳಿ. ಅಮೆರಿಕದಿಂದ ನೆಂಟರು ತಂದುಕೊಟ್ಟ 120 ವೋಲ್ಟಿನ ಹೆಡ್ ನಮ್ಮ 230 ವೋಲ್ಟಿಗೆ ನೇರವಾಗಿ ಬಿದ್ದರೆ ಮಿಕ್ಕ ಲೆಕ್ಕಾಚಾರಕ್ಕೆ ಅವಕಾಶವೇ ಇರುವುದಿಲ್ಲ. ಕ್ಯಾಬಿನೆಟ್ ಚುಚ್ಚಿ, ಸೆಲೆಕ್ಟರ್ ನೋಡಿ, ವಾಲ್ಯೂಮ್ ಸೊನ್ನೆಗಿಳಿಸಿ, ಪವರ್ ಹಾಕಿ, ಟ್ಯೂಬುಗಳು ಬಿಸಿಯಾದ ಮೇಲೆ ಸ್ಟ್ಯಾಂಡ್‌ಬೈ ತೆಗೆದು ನಿಧಾನವಾಗಿ ಸದ್ದು ಏರಿಸಿ. ನುಡಿಸುತ್ತಿರುವಾಗ ಸದ್ದು ಥಟ್ಟನೆ ನಿಂತರೆ ಕೈ ವಾಲ್ಯೂಮಿನತ್ತ ಹೋಗುವುದು ಸಹಜ. ಅದನ್ನು ತಡೆದು ಮೊದಲು ಸ್ಟ್ಯಾಂಡ್‌ಬೈ ಒತ್ತಿ, ಆಮೇಲೆ ಸ್ಪೀಕರ್ ಕೇಬಲಿನ ಎರಡೂ ತುದಿಗಳನ್ನು ಪರೀಕ್ಷಿಸಿ.