ಹತ್ತಕ್ಕೆ ಒಂಬತ್ತು ಬಂದ ಹೈಸ್ಕೂಲು: ಕ್ಯಾಲಿಫೋರ್ನಿಯಾಕ್ಕೆ ಹೊರಟವರಿಗೆ ಕೆಲವು ಮಾತು

ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಹೊರಟ ಕುಟುಂಬಗಳು ವೀಸಾ ಕೈಸೇರಿದ ಕೂಡಲೇ ಹೈಸ್ಕೂಲು, ಅಂದರೆ ಅಲ್ಲಿನ ಒಂಬತ್ತರಿಂದ ಹನ್ನೆರಡನೇ ತರಗತಿವರೆಗಿನ ಶಾಲೆ, ಹುಡುಕಲು ಕೂರುತ್ತವೆ. ಮಕ್ಕಳ ಓದು ಮುಗಿದ ಮೇಲೆ ವರ್ಷದ ಅರ್ಧ ಭಾಗವನ್ನು ಜಯನಗರದಲ್ಲಿ ಕಳೆಯುತ್ತಿರುವ ನನ್ನಂಥವರ ಬಳಿಗೆ ಅವರು ಬರುವ ಹೊತ್ತಿಗೆ ಮೊಬೈಲಿನಲ್ಲಿ ಶಾಲೆಗಳ ಪಟ್ಟಿ, ಪ್ರತಿ ಹೆಸರಿನ ಎದುರು ಹತ್ತಕ್ಕೆ ಎಷ್ಟು ಎಂಬ ಅಂಕೆ, ಅದರ ಕೆಳಗೆ ತಂದೆತಾಯಂದಿರೂ ವಿದ್ಯಾರ್ಥಿಗಳೂ ಬರೆದ ಅಭಿಪ್ರಾಯಗಳು ಸಿದ್ಧವಾಗಿರುತ್ತವೆ. “ಒಂಬತ್ತು ಇದೆ ಸಾರ್, ತಂದೆತಾಯಂದಿರೆಲ್ಲ ಹೊಗಳಿದ್ದಾರೆ, ಆದರೆ ಅಲ್ಲಿ ಓದಿದ ಮಕ್ಕಳೇ ಬೈದಿದ್ದಾರಲ್ಲ, ಯಾರನ್ನು ನಂಬುವುದು?” ಎಂದು ಕೇಳುತ್ತಾರೆ. ಈ ಬರಹ ಆ ಪ್ರಶ್ನೆಗೆ ಸಂಬಂಧಿಸಿದ್ದು.

ಮೊದಲು ನಮ್ಮ ವಿಚಿತ್ರವೊಂದನ್ನು ಹೇಳಿಬಿಡುತ್ತೇನೆ. ನಮ್ಮದೇ ಬಡಾವಣೆಯ ಸರ್ಕಾರಿ ಪ್ರೌಢಶಾಲೆಯ ಕಾಂಪೌಂಡಿನೊಳಗೆ ಒಮ್ಮೆಯೂ ಕಾಲಿಡದೆ, ಮಕ್ಕಳನ್ನು ಖಾಸಗಿ ಶಾಲೆಗೆ ಸೇರಿಸಲು ಡೊನೇಷನ್ ಹೊಂದಿಸಿದ ನಾವು, ಅಲ್ಲಿಗೆ ಹೋದ ಮೇಲೆ ಒಂದು ಸರ್ಕಾರಿ ಶಾಲೆಯ ಗಡಿಯೊಳಗೆ ಮನೆ ಸಿಗಲೆಂದು ಹೆಚ್ಚು ಬಾಡಿಗೆ ಕೊಡಲು ತುದಿಗಾಲಲ್ಲಿ ನಿಲ್ಲುತ್ತೇವೆ. ಆ ಶಾಲೆಗೆ ಫೀಸಿಲ್ಲ, ಇಂಟರ್‌ವ್ಯೂ ಇಲ್ಲ. ತೆರಿಗೆಯ ಹಣದಲ್ಲಿ ನಡೆಯುತ್ತದೆ. ತನ್ನ ಗಡಿಯಲ್ಲಿ ವಾಸವಿರುವ ಮಕ್ಕಳಿಗೆ ಸ್ಕೂಲ್ ಡಿಸ್ಟ್ರಿಕ್ಟು, ಅಂದರೆ ಆ ಪ್ರದೇಶದ ಶಾಲೆಗಳನ್ನು ನಡೆಸುವ ಆಡಳಿತ, ಸೀಟು ಕೊಡಲೇಬೇಕು; ವಲಸೆಯ ಕಾಗದಪತ್ರದ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು 1982ರಲ್ಲೇ ತೀರ್ಪು ಕೊಟ್ಟಿದೆ. ಹೀಗಾಗಿ ವೈದ್ಯರ ಮಕ್ಕಳೂ, ಹೋಟೆಲಿನ ಅಡುಗೆಯವರ ಮಕ್ಕಳೂ, ಮೊನ್ನೆ ತಾನೇ ವಿಮಾನವಿಳಿದವರ ಮಕ್ಕಳೂ ಒಂದೇ ಗೇಟಿನಿಂದ ಒಳಗೆ ಹೋಗುತ್ತಾರೆ. ಅಭಿಪ್ರಾಯಗಳು ಒಂದಕ್ಕೊಂದು ತಾಳೆಯಾಗದಿರುವುದು ದೋಷವಲ್ಲ, ತಾಳೆಯಾದರೆ ಅನುಮಾನಪಡಬೇಕು.

ಆ ಅಂಕೆಯ ವಿಷಯ. ಅದು ಬಹುತೇಕ ಗ್ರೇಟ್‌ಸ್ಕೂಲ್ಸ್ ಎಂಬ ಸಂಸ್ಥೆ ಕೊಡುವಂಥದ್ದು. ಮನೆ ಮಾರುವ ಜಾಲತಾಣಗಳು ಅದನ್ನೇ ಎತ್ತಿ ತೋರಿಸುತ್ತವೆ. ಸರ್ಕಾರ ಕೊಟ್ಟ ದರ್ಜೆ ಎಂದು ನಮ್ಮವರು ಭಾವಿಸುವುದುಂಟು, ಹಾಗಲ್ಲ. ರಾಜ್ಯದ ಪರೀಕ್ಷೆಯ ಫಲಿತಾಂಶಕ್ಕೆ ಅದರಲ್ಲಿ ದೊಡ್ಡ ಪಾತ್ರವಿದೆ, ಮತ್ತು ಕ್ಯಾಲಿಫೋರ್ನಿಯಾದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮತ್ತು ಗಣಿತದ ಆ ಪರೀಕ್ಷೆ ನಡೆಯುವುದು ಹನ್ನೊಂದನೇ ತರಗತಿಯಲ್ಲಿ ಮಾತ್ರ. ಓದಿದ ತಂದೆತಾಯಿಯೂ ಟ್ಯೂಷನ್ನಿನ ಹಣವೂ ಇರುವ ಬಡಾವಣೆಯಲ್ಲಿ ಆ ಫಲಿತಾಂಶ ಮೇಲೇರಲು ಶಾಲೆಯೇ ಕಾರಣವಾಗಿರಬೇಕಿಲ್ಲ. ಇದಕ್ಕಿಂತ ಉಪಯುಕ್ತವಾದದ್ದು ಸ್ಕೂಲ್ ಅಕೌಂಟಬಿಲಿಟಿ ರಿಪೋರ್ಟ್ ಕಾರ್ಡ್. 1988ರಲ್ಲಿ ಮತದಾರರು ಒಪ್ಪಿದ ಕಾನೂನಿನ ಪ್ರಕಾರ ಆ ರಾಜ್ಯದ ಪ್ರತಿ ಸರ್ಕಾರಿ ಶಾಲೆಯೂ ಅದನ್ನು ವರ್ಷವರ್ಷವೂ ಪ್ರಕಟಿಸಬೇಕು. ತರಗತಿಯ ಗಾತ್ರ, ಶಿಕ್ಷಕರ ಅರ್ಹತೆ, ಕೋರ್ಸು ಆರಿಸಲು, ಕಾಲೇಜಿಗೆ ಅರ್ಜಿ ಹಾಕಲು ದಾರಿ ತೋರಿಸುವ ಒಬ್ಬ ಕೌನ್ಸೆಲರಿಗೆ ಎಷ್ಟು ಮಕ್ಕಳು, ಎಷ್ಟು ಮಕ್ಕಳನ್ನು ಅಮಾನತು ಮಾಡಿದರು ಎಂಬುದೆಲ್ಲ ಅದರಲ್ಲಿರುತ್ತದೆ. ಓದಲು ನೀರಸ, ಆದರೆ ಯಾರ ಕೋಪವೂ ಸಂತೋಷವೂ ಅದರಲ್ಲಿ ಬೆರೆತಿಲ್ಲ.

ಅಭಿಪ್ರಾಯಗಳನ್ನು ಓದಲು ಬೇಕಾದ ಕೀಲಿ ಬೇರೆ ಕಡೆ ಇದೆ. ಬೆಂಗಳೂರಿನಲ್ಲಿ ಓದಿದ ನಮಗೆ ಶಾಲೆಯೆಂದರೆ ಸೆಕ್ಷನ್: ಒಂದು ಕೊಠಡಿ, ಒಬ್ಬ ಕ್ಲಾಸ್ ಟೀಚರ್, ಎಸೆಸ್ಸೆಲ್ಸಿಯವರೆಗೆ ಹೆಚ್ಚು ಕಡಿಮೆ ಅದೇ ಮುಖಗಳು, ಬೆಲ್ ಹೊಡೆದಾಗ ಮೇಷ್ಟ್ರು ಬದಲಾಗುತ್ತಾರೆ, ಮಕ್ಕಳು ಬೆಂಚು ಬಿಟ್ಟು ಕದಲುವುದಿಲ್ಲ. ಅಲ್ಲಿ ಮೇಷ್ಟ್ರು ತಮ್ಮ ಕೊಠಡಿಯಲ್ಲೇ ಇರುತ್ತಾರೆ, ಎಷ್ಟೋ ಕಡೆ ಎರಡು ಸಾವಿರಕ್ಕೂ ಮಿಕ್ಕಿದ ಮಕ್ಕಳು ಪ್ರತಿ ಪೀರಿಯಡ್ಡಿಗೂ ಚೀಲ ಹೊತ್ತು ಕಟ್ಟಡದಿಂದ ಕಟ್ಟಡಕ್ಕೆ ಓಡುತ್ತಾರೆ. ಹತ್ತನೇ ತರಗತಿಯ ಹುಡುಗಿ ಗಣಿತಕ್ಕೆ ಹನ್ನೊಂದನೆಯವರ ಜೊತೆಗೂ ಚಿತ್ರಕಲೆಗೆ ಒಂಬತ್ತನೆಯವರ ಜೊತೆಗೂ ಕೂರಬಹುದು. ಎಪಿ ಎಂಬ ಕಾಲೇಜು ಮಟ್ಟದ ಕೋರ್ಸುಗಳನ್ನೇ ಹಿಡಿದು ಹೋದವನು ಮತ್ತು ಸಾಧಾರಣ ಕೋರ್ಸುಗಳಲ್ಲಿ ಸಾಗಿದವನು ನಾಲ್ಕು ವರ್ಷ ಒಂದೇ ಕಾಂಪೌಂಡಿನಲ್ಲಿದ್ದೂ ಒಬ್ಬರನ್ನೊಬ್ಬರು ಭೇಟಿಯಾಗದೆ ಇರಬಹುದು. ಹೀಗಿರುವಾಗ “ಈ ಶಾಲೆ ಅದ್ಭುತ” ಎಂದವನೂ “ಈ ಶಾಲೆ ನರಕ” ಎಂದವನೂ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಬರೆದವರು ಯಾವ ದಾರಿಯಲ್ಲಿ ನಡೆದವರು, ಯಾವ ತರಗತಿಯಲ್ಲಿ ಬಂದು ಸೇರಿದವರು ಎಂಬುದನ್ನು ಮೊದಲು ಹುಡುಕಬೇಕು.

ತಂದೆತಾಯಂದಿರು ಬರೆಯುವುದು ತಾವು ಕಂಡದ್ದನ್ನು. ಅವರು ಕಾಣುವುದಾದರೂ ಏನು? ದಿನಕ್ಕೆ ಹತ್ತು ಸಲ ತೆರೆದು ನೋಡುವ ಅಂಕಗಳ ಪೋರ್ಟಲು, ವರ್ಷದ ಆರಂಭದಲ್ಲಿ ಪ್ರತಿ ಶಿಕ್ಷಕರ ಕೊಠಡಿಯಲ್ಲಿ ಕೆಲವೇ ನಿಮಿಷ ಕೂತು ಬರುವ ಬ್ಯಾಕ್ ಟು ಸ್ಕೂಲ್ ನೈಟ್, ಕೊನೆಗೆ ಯಾರ ಮಗು ಯಾವ ಕಾಲೇಜಿಗೆ ಹೋಯಿತು ಎಂಬ ಸುದ್ದಿ. ನಮ್ಮ ಸಿಇಟಿ ರ‍್ಯಾಂಕಿನ ಕಾಲದ ಕಣ್ಣುಗಳಿಗೆ ಇಷ್ಟು ಸಾಕಾಗುತ್ತದೆ. ಮಕ್ಕಳು ಬರೆಯುವುದರಲ್ಲಿ ಶೌಚಾಲಯಕ್ಕೆ ಬೀಗ, ಕ್ಯಾಂಟೀನಿನ ರುಚಿಯಿಲ್ಲದ ಊಟ, ಪಾರ್ಕಿಂಗಿನ ಗೋಳು ತುಂಬಿರುತ್ತದೆ. ಅವನ್ನು ನಕ್ಕು ಬಿಟ್ಟುಬಿಡುವುದು ಸುಲಭ. ಆದರೆ ಬೇರೆ ಬೇರೆ ವರ್ಷದ ಮಕ್ಕಳು ಒಂದೇ ದೂರನ್ನು ಹೇಳುತ್ತಿದ್ದರೆ ಅಲ್ಲಿ ನಿಲ್ಲಬೇಕು. “ಕೌನ್ಸೆಲರಿಗೆ ನನ್ನ ಹೆಸರೇ ಗೊತ್ತಿಲ್ಲ” ಎಂಬ ಮಾತು ಪದೇಪದೇ ಬಂದರೆ, ಒಬ್ಬ ಕೌನ್ಸೆಲರಿಗೆ 250 ಮಕ್ಕಳಿಗಿಂತ ಹೆಚ್ಚಿರಬಾರದೆಂಬುದು ಅಲ್ಲಿನ ಕೌನ್ಸೆಲರುಗಳ ಸಂಘದ ಶಿಫಾರಸು, ಈ ಶಾಲೆಯಲ್ಲಿ ಎಷ್ಟಿದೆ ಎಂದು ಆ ರಿಪೋರ್ಟ್ ಕಾರ್ಡಿನಲ್ಲಿ ನೋಡಿ. ನಿದ್ದೆಯಿಲ್ಲ ಎಂಬ ದೂರನ್ನು ಸೋಮಾರಿತನವೆಂದು ತಳ್ಳಬೇಡಿ. ರಾಜ್ಯವೇ ಅದನ್ನು ಒಪ್ಪಿ, 2022ರ ಜುಲೈಯಿಂದ ಹೈಸ್ಕೂಲುಗಳು ಬೆಳಿಗ್ಗೆ ಎಂಟೂವರೆಗೆ ಮೊದಲು ಆರಂಭವಾಗಬಾರದೆಂದು ಕಾನೂನು ಮಾಡಿದೆ. ಎಲ್ಲರೂ ಹೊಗಳುವ ಊರುಗಳಲ್ಲೊಂದಾದ ಪಾಲೊ ಆಲ್ಟೊದಲ್ಲಿ 2009ರಿಂದೀಚೆಗೆ ಎರಡು ಅವಧಿಗಳಲ್ಲಿ ಹದಿಹರೆಯದ ಮಕ್ಕಳ ಆತ್ಮಹತ್ಯೆಗಳು ನಡೆದು, 2016ರಲ್ಲಿ ಅಮೆರಿಕದ ಕೇಂದ್ರ ಆರೋಗ್ಯ ಸಂಸ್ಥೆಯಾದ ಸಿಡಿಸಿಯ ತಂಡವೇ ಬಂದು ಅಧ್ಯಯನ ಮಾಡಬೇಕಾಯಿತು. ಅಂಥ ಸಾವಿಗೆ ಒಂದೇ ಕಾರಣ ಹುಡುಕುವುದು ತಪ್ಪು. ಆದರೆ ಸ್ಪರ್ಧೆಯ ಬಗ್ಗೆ ಮಕ್ಕಳು ಬರೆದದ್ದನ್ನು ಓದುವಾಗ ಇದು ನಿಮ್ಮ ನೆನಪಿನಲ್ಲಿರಲಿ.

ಅಭಿಪ್ರಾಯ ಬರೆದವರಲ್ಲಿ ನಾನೂ ಒಬ್ಬ, ಆದ್ದರಿಂದ ನನ್ನದನ್ನೂ ಹೇಳಬೇಕು. ನಮ್ಮ ಮಗಳು ಒಂದನೇ ತರಗತಿಯಿಂದ ಅಲ್ಲೇ ಓದಿದವಳು. ಅವಳ ಹೈಸ್ಕೂಲು ಮುಗಿದ ಉತ್ಸಾಹದಲ್ಲಿ ನಾನು ಆ ಶಾಲೆಯನ್ನು ಕೊಂಡಾಡಿ ಉದ್ದವಾಗಿ ಬರೆದೆ, ಎಪಿ ಕೋರ್ಸುಗಳ ಪಟ್ಟಿಯನ್ನೂ ಕೊಟ್ಟೆ. ಅದನ್ನು ನಂಬಿ ಬಸವನಗುಡಿಯ ಒಂದು ಕುಟುಂಬ ದುಬಾರಿ ಬಾಡಿಗೆಗೆ ಅದೇ ಗಡಿಯಲ್ಲಿ ಮನೆ ಹಿಡಿಯಿತು. ಅವರ ಮಗ ಇಲ್ಲಿ ಎಸೆಸ್ಸೆಲ್ಸಿ ಮುಗಿಸಿ ನೇರವಾಗಿ ಹನ್ನೊಂದನೇ ತರಗತಿಗೆ ಸೇರಿದವನು. ಗೆಳೆತನಗಳೆಲ್ಲ ಮಿಡ್ಲ್ ಸ್ಕೂಲಿನಲ್ಲೇ ಗಟ್ಟಿಯಾಗಿದ್ದ ಜಾಗದಲ್ಲಿ, ಕ್ಲಬ್ಬುಗಳ ಪದಾಧಿಕಾರಿಗಳೆಲ್ಲ ಆಯ್ಕೆಯಾಗಿ ಮುಗಿದ ಮೇಲೆ, ಕಾಲೇಜಿಗೆ ಅರ್ಜಿ ಹಾಕಲು ಒಂದೇ ವರ್ಷ ಉಳಿದಿರುವಾಗ, ಆ ಹುಡುಗನಿಗೆ ನನ್ನ ಪಟ್ಟಿಯಿಂದ ಏನೂ ಪ್ರಯೋಜನವಾಗಲಿಲ್ಲ. ನಾನು ಬರೆದದ್ದರಲ್ಲಿ ಸುಳ್ಳಿರಲಿಲ್ಲ. ಅದು ಅವನ ಶಾಲೆಯಾಗಿರಲಿಲ್ಲ ಅಷ್ಟೆ. ನನ್ನ ಹೊಗಳಿಕೆಯನ್ನು ಓದಿದ ಮಗಳು ಕೇಳಿದ್ದು ಇನ್ನೊಂದು: “ಅಪ್ಪ, ನಾಟಕದ ಮೇಡಂ ಬಗ್ಗೆ ಒಂದು ಸಾಲೂ ಬರೆದಿಲ್ಲವಲ್ಲ?” ನಾಲ್ಕು ವರ್ಷ ಅವಳನ್ನು ಆ ಶಾಲೆಯಲ್ಲಿ ಹಿಡಿದಿಟ್ಟದ್ದು ಆ ನಾಟಕದ ಕೊಠಡಿಯೇ ಎಂದು ನನಗೆ ತಿಳಿದದ್ದು ಆಗ.

ದಾಖಲಾತಿಗೆ ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ಜನನ ಪ್ರಮಾಣಪತ್ರ, ಟಿ.ಸಿ., ಲಸಿಕೆಯ ಕಾರ್ಡು ಇಟ್ಟುಕೊಳ್ಳಿ. ಚಿಕನ್‌ಪಾಕ್ಸ್ ಲಸಿಕೆಯ ಎರಡನೇ ಡೋಸನ್ನು ಇಲ್ಲೇ ಹಾಕಿಸಿಬಿಡಿ. ಮಾರ್ಕ್ಸ್ ಕಾರ್ಡಿನ ಜೊತೆಗೆ ಗಣಿತದ ಪಠ್ಯಕ್ರಮವನ್ನೂ ಒಯ್ಯಿರಿ. ಅಲ್ಲಿ ಬಹಳಷ್ಟು ಶಾಲೆಗಳಲ್ಲಿ ಆಲ್ಜಿಬ್ರಾ ಒಂದು ವರ್ಷ, ಜಿಯೊಮೆಟ್ರಿ ಇನ್ನೊಂದು ವರ್ಷ ಎಂದು ಬಿಡಿಬಿಡಿಯಾಗಿ ಕಲಿಸುತ್ತಾರೆ; ಇಲ್ಲಿ ಎರಡನ್ನೂ ಒಟ್ಟಿಗೆ ಕಲಿತ ಮಗುವನ್ನು ದಾಖಲೆಯಿಲ್ಲದ ಕಾರಣಕ್ಕೆ ಕೆಳಗಿನ ಕೋರ್ಸಿಗೆ ಹಾಕಿದರೆ, ಆ ಹಿನ್ನಡೆ ಕೊನೆಯ ವರ್ಷದ ಕ್ಯಾಲ್ಕುಲಸ್‌ವರೆಗೂ ಎಳೆಯುತ್ತದೆ. “ಇಲ್ಲಿನ ಗಣಿತ ಬಹಳ ಸುಲಭ” ಎಂದು ನಮ್ಮವರು ಬರೆದಿರುವ ಅಭಿಪ್ರಾಯಗಳಲ್ಲಿ ಕೆಲವಾದರೂ ಹೀಗೆ ತಪ್ಪು ಕೋರ್ಸಿನಲ್ಲಿ ಕೂತ ಮಕ್ಕಳವು ಎಂಬುದು ನನ್ನ ಅನುಮಾನ.

ಅದೇ ಕಾಗದಗಳ ನಡುವೆ ಮನೆಯ ಭಾಷೆ ಯಾವುದು ಎಂದು ಕೇಳುವ ಒಂದು ಫಾರಂ ಬರುತ್ತದೆ. ಕನ್ನಡ ಎಂದು ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಕೊಡುತ್ತಾರೆ, ಆದ್ದರಿಂದ ಇಂಗ್ಲಿಷ್ ಎಂದೇ ಬರೆಯಿರಿ ಎಂದು ಹಳಬರು ಕಿವಿಯಲ್ಲಿ ಹೇಳುತ್ತಾರೆ. ಅವರ ಮಾತು ಕೇಳಬೇಡಿ. ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಗುವಿಗೆ ಆ ಪರೀಕ್ಷೆ ಸಾಮಾನ್ಯವಾಗಿ ತೊಡಕಾಗುವುದಿಲ್ಲ. ತೊಡಕಾದರೆ ಸಿಗುವ ನೆರವು ಅದಕ್ಕೆ ಬೇಕಾದದ್ದೇ. ಅಜ್ಜಿಯೊಡನೆ ಕನ್ನಡದಲ್ಲೇ ಜಗಳವಾಡುವ ಮನೆಯಲ್ಲಿ ಕನ್ನಡವಿಲ್ಲವೆಂದು ಮೊದಲ ಕಾಗದದಲ್ಲೇ ಸಹಿ ಮಾಡಿ, ನಾಲ್ಕು ವರ್ಷದ ಬಳಿಕ ಮಕ್ಕಳು ಕನ್ನಡ ಮಾತಾಡುವುದಿಲ್ಲವೆಂದು ಅಲ್ಲಿನ ಕನ್ನಡ ಕೂಟದ ಸಭೆಯಲ್ಲಿ ಕೊರಗುವ ತಂದೆತಾಯಂದಿರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನು ಯಾರನ್ನು ಕೇಳುವುದು ಎಂದರೆ, ನಿಮ್ಮ ಮಗು ಸೇರಲಿರುವ ತರಗತಿಗೇ ಹೊರದೇಶದಿಂದ ಬಂದು ಸೇರಿ, ಈಗ ಹನ್ನೆರಡನೆಯದನ್ನು ಮುಗಿಸಿರುವ ಹುಡುಗನನ್ನೋ ಹುಡುಗಿಯನ್ನೋ ಕನ್ನಡ ಕೂಟದ ಮೂಲಕ ಹುಡುಕಿ. ಪ್ರಶ್ನೆಯನ್ನು ನಿಮ್ಮ ಮಗುವೇ ಕೇಳಲಿ, ಎರಡೂ ಕಡೆಯ ದೊಡ್ಡವರು ಪಕ್ಕದಲ್ಲಿ ಕೂರುವುದು ಬೇಡ. ಮೊದಲ ತಿಂಗಳು ಊಟದ ಬಿಡುವಿನಲ್ಲಿ ಎಲ್ಲಿ ಕೂರುತ್ತಿದ್ದೆ, ತಪ್ಪು ಕೋರ್ಸು ಬಂದಾಗ ಬದಲಾಯಿಸಿಕೊಟ್ಟವರು ಯಾರು, ಯಾವ ಕ್ಲಬ್ಬಿನವರು ನಡುವೆ ಬಂದವರನ್ನೂ ಸೇರಿಸಿಕೊಂಡರು ಎಂಬಂಥ ಪ್ರಶ್ನೆಗಳಿಗೆ ಸಿಗುವ ಉತ್ತರ ಹತ್ತಕ್ಕೆ ಎಷ್ಟು ಎಂಬುದರಲ್ಲಿ ಸಿಗುವುದಿಲ್ಲ. ಆಗಸ್ಟಿನಲ್ಲಿ ಆರಂಭವಾಗುವ ವರ್ಷಕ್ಕೆ ಅಲ್ಲಿನ ಮಕ್ಕಳು ಕೋರ್ಸು ಆರಿಸಿಕೊಳ್ಳುವುದು ಸಾಮಾನ್ಯವಾಗಿ ಫೆಬ್ರವರಿ–ಮಾರ್ಚಿನಲ್ಲಿ, ಜೂನ್ ಕಳೆದರೆ ಕೌನ್ಸೆಲರುಗಳು ರಜೆಯಲ್ಲಿರುತ್ತಾರೆ; ಆದ್ದರಿಂದ ವಿಮಾನದ ಟಿಕೆಟ್ ಜುಲೈಗಿದ್ದರೂ ಶಾಲೆಗೆ ಮೊದಲ ಇಮೇಲನ್ನು ಮೇ ತಿಂಗಳಲ್ಲೇ ಬೆಂಗಳೂರಿನಿಂದ ಕಳಿಸಿ, ಮಾರ್ಕ್ಸ್ ಕಾರ್ಡುಗಳನ್ನೂ ಅದಕ್ಕೇ ಲಗತ್ತಿಸಿ.