ಶೈತ್ಯೀಕರಿಸಿದ ಅಂಡಾಶಯದ ಅಂಗಾಂಶವು ಕಸಿಯ ನಂತರ ಉಳಿಯಬೇಕಾದರೆ

ಕಾರವಾರದಿಂದ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಯತ್ತ ಕ್ಯಾನ್ಸರ್ ಚಿಕಿತ್ಸೆಗೆ ಹೊರಡುವ ಮಹಿಳೆಯರು, ಅಂಡಾಶಯಕ್ಕೆ ಹಾನಿ ಮಾಡಬಲ್ಲ ಕಿಮೊಥೆರಪಿಗೆ ಮುನ್ನವೇ, ಮುಂದೆ ತಮ್ಮ ದೇಹಕ್ಕೇ ಮರಳಿ ಕಸಿ ಮಾಡಲೆಂದು ಅಂಡಾಶಯದ ಅಂಗಾಂಶವನ್ನು ತೆಗೆದಿಡಲು ಸಾಧ್ಯವೇ ಎಂದು ವೈದ್ಯರನ್ನು ಕೇಳಬೇಕು. ಅಂಡಾಶಯದ ಹೊರಪದರವನ್ನು ಸುಮಾರು 1 ಮಿಲಿಮೀಟರ್ ದಪ್ಪದ ಪಟ್ಟಿಗಳಾಗಿ ಕತ್ತರಿಸಿ, ನಿಧಾನವಾಗಿ ತಂಪುಗೊಳಿಸಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ.

ನಿಜವಾದ ನಷ್ಟ ಆಗುವುದು ಶೈತ್ಯದಲ್ಲಿ ಅಷ್ಟಾಗಿ ಅಲ್ಲ, ಕಸಿಯಾದ ಮೊದಲ ದಿನಗಳಲ್ಲಿ. ಅಂಕೋಲೆಯ ಇಶಾಡು ಮಾವಿಗೆ ಕಸಿ ಕಟ್ಟಿದವರಿಗೆ ಗೊತ್ತಿರುವಂತೆ, ರಸ ಹರಿಯುವ ಮುನ್ನ ಕಡ್ಡಿ ಒಣಗಿದರೆ ಕೆಲಸ ಕೆಟ್ಟಂತೆಯೇ. ಇಲ್ಲಿಯೂ ಹೊಸ ರಕ್ತನಾಳಗಳು ಬೆಳೆಯುವವರೆಗೆ ಆಮ್ಲಜನಕವಿಲ್ಲದೆ ಅಂಡಾಣುಕೋಶಕಗಳು (ಅಂಡಾಣುವನ್ನು ಹೊತ್ತ ಪುಟ್ಟ ಚೀಲಗಳು) ಸಾಯುತ್ತವೆ. ಆದ್ದರಿಂದ ಪಟ್ಟಿ ತೆಳುವಾಗಿರಬೇಕು, ರಕ್ತಸಂಚಾರ ಚೆನ್ನಾಗಿರುವ ಜಾಗವನ್ನೇ ಆರಿಸಬೇಕು, ಕರಗಿಸಿದ ಮೇಲೆ ತಡಮಾಡಬಾರದು, ಎಲ್ಲ ಪಟ್ಟಿಗಳನ್ನೂ ಒಮ್ಮೆಲೇ ಬಳಸದೆ ಕೆಲವನ್ನು ಉಳಿಸಿಕೊಳ್ಳುವುದೇ ಜಾಣತನ. ರಕ್ತದ ಕ್ಯಾನ್ಸರ್ ಇದ್ದವರ ಅಂಗಾಂಶದಲ್ಲಿ ರೋಗಕೋಶಗಳು ಅಡಗಿರಬಹುದಾದ್ದರಿಂದ, ಕಸಿಗೆ ಮೊದಲೇ ಪರೀಕ್ಷೆ ಕಡ್ಡಾಯ. ಮುಟ್ಟು ಮರಳಲು ಸಾಮಾನ್ಯವಾಗಿ ನಾಲ್ಕೈದು ತಿಂಗಳು ಹಿಡಿಯುತ್ತದೆ.